ಕೊಳೆಯೆಂದು ನಾನು ತೊಳೆದದ್ದು

ನಮ್ಮ ಅಶಾಂಟಿ ಸೀಮೆಯಲ್ಲಿ ಹಳೆಯ ನಗಾರಿಗಳ ಮರದ ಒಡಲನ್ನು ಕೆಡದಂತೆ ಉಳಿಸುವ ವಿದ್ಯೆಯ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಮಾನ್ಯ ಕ್ವಾಕು ಅಸಿರಿಫಿಯವರದು. ಕುಮಾಸಿ ನಗರದ ನಮ್ಮ ದುರಸ್ತಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಅವರೀಗ ನಿವೃತ್ತರಾಗುತ್ತಿದ್ದಾರೆ. ನಾವೆಲ್ಲ ಅವರನ್ನು ವೋಫಾ, ಅಂದರೆ ಸೋದರಮಾವ, ಎಂದೇ ಕರೆದು ರೂಢಿ. ಅವರ ಸಾಧನೆಯನ್ನು ಈ ಅಭಿನಂದನ ಗ್ರಂಥದ ಇತರ ಲೇಖಕರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯಬೇಕಾದದ್ದು ಹನ್ನೊಂದು ವರ್ಷದಿಂದ ನುಂಗಿಕೊಂಡಿರುವ ಒಂದು ಮಾತು.

ನಾನು ಕೆಲಸಕ್ಕೆ ಸೇರಿದ ಮೇಲೆ ಮೂರು ತಿಂಗಳು ಅವರು ನನ್ನ ಕೈಗೆ ಒದ್ದೆ ಬಟ್ಟೆ ಕೊಡಲಿಲ್ಲ. ಒಣ ಕುಂಚ ಮಾತ್ರ. "ಮೊದ್ಲು ಮೂಸಿ ನೋಡೋ. ಯಾವ ಅಟ್ಟದ ಹೊಗೆ ಕುಡಿದಿದೆ, ಯಾರ ಬೆವರು ಹತ್ತಿದೆ, ಎಲ್ಲಾ ಮರವೇ ಹೇಳುತ್ತೆ. ನಿನ್ನ ಮೂಗಿರೋದು ಬರೀ ಫುಫು ಮುದ್ದೆ ವಾಸನೆ ಹಿಡಿಯೋಕೇನೋ?" ಎನ್ನುತ್ತಿದ್ದರು. ನನ್ನ ತಾಯಿ ಹಾಸಿಗೆ ಹಿಡಿದ ತಿಂಗಳು, ಅಂಟು ಕಲಸಿದ ಮರದ ಪುಡಿಯಿಂದ ಹುಳುಕು ತುಂಬುವ ನನ್ನ ಪಾಲಿನ ಕೆಲಸವನ್ನೂ ಅವರೇ ಮಾಡಿ, ಶಾಲೆಯ ಕೆಲಸದ ಪುಸ್ತಕದಲ್ಲಿ ನನ್ನ ಹೆಸರು ಬರೆದರು.

ಹನ್ನೊಂದು ವರ್ಷದ ಹಿಂದೆ ಅವರ ತಾಯಿಯ ಊರಿನ ಅರಸುಮನೆಯು ಗಂಡು, ಹೆಣ್ಣು ಎಂದು ಕರೆಯುವ ತನ್ನ ಜೋಡಿ ನಗಾರಿಗಳಲ್ಲಿ ಹೆಣ್ಣು ನಗಾರಿಯನ್ನು ದುರಸ್ತಿಗೆ ಕಳಿಸಿತು. ವೋಫಾ ಅವರ ಸ್ವಂತ ಸೋದರಮಾವ ಬಾರಿಸಿದ ನಗಾರಿ ಅದು. ಅದು ತಮ್ಮ ಕೈಗೆ ಬರಲೆಂದು ಅವರು ವರ್ಷಗಟ್ಟಲೆ ಕಾದಿದ್ದರು. ಅದೇ ವಾರ ಒಂದು ಸಾವಿನ ಮನೆಗೆಂದು ಎರಡು ದಿನ ಊರು ಬಿಟ್ಟರು. ಒಡಲ ಮೇಲೆ ಕಪ್ಪಗೆ ದಪ್ಪಗೆ ಏನೋ ಹತ್ತಿತ್ತು. ಚರ್ಚಿನ ನೆರಳಿನಲ್ಲಿ ಬೆಳೆದ ನನಗೆ ಅದು ಕೊಳೆಯಾಗಿಯೇ ಕಂಡಿತು. ಬಿಸಿ ಸಾಬೂನು ನೀರಿನಲ್ಲಿ ಉಜ್ಜಿ ತೊಳೆದೆ. ಅದು ನಾಲ್ಕು ತಲೆಮಾರು ಹಬ್ಬಹಬ್ಬಕ್ಕೂ ನಗಾರಿಗೆ ಒಪ್ಪಿಸಿದ ಮೊಟ್ಟೆ, ಹೆಂಡ, ಕುರಿಯ ರಕ್ತ.

"ನೋಡಿ ವೋಫಾ, ಹೊಸದರ ಹಾಗಾಗಿದೆ," ಎಂದು ಬೀಗುತ್ತ ತೋರಿಸಿದೆ.

ಅವರು ಮರದ ಮೇಲೆ ಅಂಗೈಯಿಟ್ಟು, ಬಗ್ಗಿ ಮೂಸಿದರು. "ಹೌದಪ್ಪಾ, ಹೊಸದೇ ಆಯ್ತು. ಹಳೇದು ಮೋರಿಗೆ ಹೋಯ್ತು."

ಮರುವಾರ ಅರಸುಮನೆಯ ಹಿರಿಯರ ಮುಂದೆ ಚಪ್ಪಲಿ ಕಳಚಿ, ಹೆಗಲ ಬಟ್ಟೆ ಇಳಿಸಿ, "ತೊಳೆದ ಕೈ ನಂದೇ," ಎಂದರು. ತಪ್ಪುಗಾಣಿಕೆಯ ಕುರಿಯ ಹಗ್ಗ ಹಿಡಿದು ನಾನು ಹಿಂದೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

"ಅಸಿರಿಫಿ, ಇನ್ನು ನಿನ್ನ ಕೈಗೆ ನಮ್ಮ ಮರ ಕೊಡೋದಿಲ್ಲ," ಎಂದ ಅವರಲ್ಲಿದ್ದ ಮುದುಕ ನಗಾರಿಗಾರ. ಕುರಿಯನ್ನು ಸ್ವೀಕರಿಸಿದರು. ನಗಾರಿಯನ್ನು ಮಾತ್ರ ವಾಪಸು ತರಿಸಿಕೊಂಡು, ಮತ್ತೆ ಕಳಿಸಲಿಲ್ಲ.

ಈ ಲೇಖನದ ಸುದ್ದಿ ತಿಳಿದಾಗ ವೋಫಾ, "ಬರಿ, ಆದ್ರೆ ಆ ವಿಷ್ಯ ಬೇಡ. ನಿನಗಿನ್ನೂ ಸರ್ವೀಸ್ ಇದೆ," ಎಂದರು. ಕ್ಷಮಿಸಿ ವೋಫಾ, ಬರೆದಿದ್ದೇನೆ. ಕಳೆದ ವಾರ ಕುರಿ ಹಿಡಿದು ನಾನೇ ಆ ಅರಸುಮನೆಗೆ ಹೋಗಿ, ತೊಳೆದ ಕೈ ನನ್ನದೆಂದು ಹೇಳಿಯೂ ಬಂದೆ. ಮುದುಕ ಈಗಿಲ್ಲ. ಈಗ ನಗಾರಿ ಬಾರಿಸುವ ಅವನ ಸೋದರಳಿಯ ಎಲ್ಲ ಕೇಳಿಸಿಕೊಂಡು ಕುರಿಯ ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡ. ನಾನು ಹೊರಡುವಾಗ, "ಗಂಡು ನಗಾರಿಗೂ ಹುಳ ಹಿಡಿದಿದೆ. ಅಸಿರಿಫಿಯವರಿಗೆ ಈಗ ಕೈ ನಡುಗುತ್ತಾ?" ಎಂದು ಕೇಳಿದ.

ನಡುಗುತ್ತದೆ ಎಂದೆ. ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ. ಹತ್ತು ವರ್ಷ ಮೊದಲೇ ಬಾಯಿ ಬಿಟ್ಟಿದ್ದರೆ ಆ ಕೈ ಗಟ್ಟಿಯಿದ್ದಾಗಲೇ ನಗಾರಿ ಅವರ ಬಳಿ ಮರಳುತ್ತಿತ್ತು. ಈ ಪಶ್ಚಾತ್ತಾಪ ನನಗೆ ಸಾಯುವವರೆಗೂ ಇರುತ್ತದೆ.

ವೋಫಾ, ನೂರು ಕಾಲ ಬಾಳಿ. ನೀವು ಪಕ್ಕದಲ್ಲಿದ್ದರೆ ಸಾಕೆಂದು ಅವರು ಒಪ್ಪಿದ್ದಾರೆ, ಗಂಡು ನಗಾರಿ ಸೋಮವಾರ ಬರುತ್ತದೆ. ಒಣ ಕುಂಚ ನಾನು ಹಿಡಿಯುತ್ತೇನೆ. ನೀವು ಬಂದು ಮೂಸಿ ಹೇಳಿ.