ಬೀಳುವ ನೀರಿನ ತೇಜ್‌ಮಾನ್

ಲಮ್‌ಜುಂಗ್ ಬೆಟ್ಟದ ನಮ್ಮೂರಿಗೆ ಬೆಳಕು ಕೊಡುವ ಪುಟ್ಟ ಜಲವಿದ್ಯುತ್ ಯಂತ್ರವನ್ನು ನೋಡಿಕೊಳ್ಳುವ ತೇಜ್‌ಮಾನ್ ಗುರುಂಗ್ ಸದಾ ಅರೆನಿದ್ದೆಯಲ್ಲಿರುವಂತೆ ಕಾಣುತ್ತಾನೆ. ಆದರೆ ಕಾಲುವೆಯಲ್ಲಿ ಎಲೆಯೊಂದು ಸಿಕ್ಕಿಕೊಂಡರೆ ಅದು ತನ್ನ ಗಂಟಲಲ್ಲೇ ಸಿಕ್ಕಿಕೊಂಡಂತೆ ಎದ್ದು ಓಡುತ್ತಾನೆ. "ಬೆಳಕು ನಾನು ಮಾಡೋದಲ್ಲ ದೀದಿ, ನೀರು ತಾನಾಗೇ ಬೀಳುತ್ತೆ, ಆ ಬೀಳೋದನ್ನೇ ನಿಮ್ಮನೆಗೆ ತಿರುಗಿಸ್ತೀನಿ" ಎಂದು ನನಗೆ ಹೇಳುತ್ತಾನೆ. ಸಂಜೆ ಯಾರಾದರೂ ರೈಸ್ ಕುಕ್ಕರ್ ಹಾಕಿ ಊರಿನ ದೀಪಗಳೆಲ್ಲ ಮಂಕಾದರೆ ದಿಬ್ಬ ಹತ್ತಿ, "ಅನ್ನ ಬೇಯಿಸ್ತಿದೀರೋ, ನಮ್ಮ ಬೆಳಕು ಬೇಯಿಸ್ತಿದೀರೋ? ಇರೋದೊಂದೇ ತೊರೆ" ಎಂದು ಕೂಗುತ್ತಾನೆ; ಆ ಕೂಗೂ ಜೋಗುಳದಂತೆ ಕೇಳುತ್ತದೆ. ಹೋದ ಮಾಘದಲ್ಲಿ ತೊರೆ ಸಣಕಲಾಗಿದ್ದಾಗ, ಒಂದು ಸಂಜೆ ಅವನ ಮಗಳು ಸುನ್‌ಮಾಯಾಗೆ ಹೆರಿಗೆ ನೋವು ಶುರುವಾಯಿತು. ಅವಳನ್ನು ಕರೆದೊಯ್ದಿದ್ದ ಆರೋಗ್ಯ ಕೇಂದ್ರದ ದೀಪ ಮಿಣುಕುತ್ತಿದೆ ಎಂದು ನರ್ಸ್ ಹೇಳಿ ಕಳಿಸಿದಳು. "ದೀಪ ಆರಿಸ್ರಪ್ಪಾ, ಮಗು ಹುಟ್ಟಿದ ಮೇಲೆ ಹಾಕ್ಕೊಳ್ಳಿ" ಎಂದು ಅವನು ದಿಬ್ಬದಿಂದಲೇ ಬೇಡಿಕೊಂಡ. ಊರೆಲ್ಲ ಕತ್ತಲಲ್ಲಿ ಕುಳಿತಿತು. ಅವನು ಯಂತ್ರ ಬಿಟ್ಟು ಹೋಗುವಂತಿರಲಿಲ್ಲ, ಮಗಳ ದನಿ ಅಷ್ಟು ದೂರ ಕೇಳುವಂತಿರಲಿಲ್ಲ. ಯಂತ್ರದ ಪಕ್ಕದಲ್ಲೇ ಕಣ್ಣು ಮುಚ್ಚಿ ಕುಳಿತ. ಎಷ್ಟೋ ಹೊತ್ತಿನ ಮೇಲೆ ಮನೆಗಳು ಒಂದೊಂದಾಗಿ ದೀಪ ಹಾಕಿಕೊಳ್ಳುತ್ತಿದ್ದಂತೆ, ಹೊರೆ ಬಿದ್ದ ಯಂತ್ರದ ದನಿ ಮೆಲ್ಲಗೆ ತಗ್ಗುತ್ತ ಬಂತು. ತಾನು ತಾತನಾದದ್ದು ಅವನಿಗೆ ತಿಳಿದದ್ದು ಹಾಗೆ.