ಗಾಜಿನ ಹಿಂದೆ ಹೋದ ಅತ್ತೆ

ಎಲ್ಲರೂ ಗಾಜಿನ ಪರದೆಯ ಮುಂದೆ ನಿಂತಿದ್ದರೆ ನಮ್ಮ ಅತ್ತೆ ಸೀದಾ ಅದರ ಹಿಂದಕ್ಕೆ ಹೋಗಿಬಿಟ್ಟರು. ಗದಗಿನ ಕಾಲೇಜು ಪ್ರದರ್ಶನಕ್ಕೆ ನನ್ನ ಮಗಳು ಸುಧಾ ಮಾಡಿದ್ದ ಪರದೆ ಅದು. ಆಚೆಬದಿ ಕಾಣುವ ಗಾಜಿನ ಮೇಲೆ ಸೀರೆಯ ಚಿತ್ರ ಮೂಡುತ್ತದೆ, ಬೆರಳಿಟ್ಟರೆ ಬಣ್ಣ ಬದಲಾಗುತ್ತದೆ. ಬೆಟಗೇರಿಯಲ್ಲಿ ಮಗ್ಗದ ಮುಂದೆಯೇ ಬಾಳಿದ ಅತ್ತೆಗೆ ಯಾವ ಸೀರೆಯಾದರೂ ಅದರ ಹಿಂಬದಿ ನೋಡದೆ ಸಮಾಧಾನವಿಲ್ಲ; ನೇಯ್ಗೆಯ ಗುಣ ತಿಳಿಯುವುದೇ ಅಲ್ಲಿ. ಹಿಂದಿನಿಂದಲೇ ಸೆರಗಿಗೆ ಬೆರಳಿಟ್ಟರು. ಹಿಂದಿನಿಂದ ಮುಟ್ಟಿದರೆ ಏನಾದೀತು ಎಂದು ನನಗೆ ಮುಜುಗರವಾಯಿತು. ಆದರೆ ಸೆರಗು ಕೆಂಪಾಯಿತು!

“ಅಜ್ಜಿ ಹಿಂದ ಹೋಗೇ ಹೋಗ್ತಾಳಂತ ಗೊತ್ತಿತ್ತು. ಅದಕ್ಕ ಎರಡೂ ಕಡಿಂದ ಮುಟ್ಟಾಕ ಬರೂವಂಗ ಮಾಡೇನಿ,” ಎಂದಳು ಸುಧಾ.

ಅತ್ತೆ ಮೊಮ್ಮಗಳ ಗಲ್ಲ ಸವರಿದರು. “ಹಿಂದ ನೋಡಿದ್ರೂ ಅಷ್ಟ ಹಸನ ಐತಿ ನೋಡವಾ ನಿನ್ನ ಕೆಲಸ!”

ನಾನೂ ಅತ್ತೆಯ ಮನೆಯಲ್ಲೇ ಸೀರೆ ನೇಯುತ್ತೇನೆ. ಆ ಶಹಬ್ಬಾಸ್ ನನಗೆ ಇನ್ನೂ ಸಿಕ್ಕಿಲ್ಲ, ನನ್ನ ಮಗಳಿಗೆ ಸಿಕ್ಕಿತು!