ಚೆಕ್ಕಿನ ಮೇಲಿನ ಹದಿನೈದು ರೂಪಾಯಿ

ನರ್ಸ್ ಕೆಲಸಕ್ಕೆಂದು ನಾನು ಚಿಕ್ಕೇರೂರಿಗೆ ಬಂದಾಗ ನನಗೆ ಇಪ್ಪತ್ಮೂರು ವರ್ಷ. ಎಂಬತ್ತರ ಆಸುಪಾಸು. ಅಪ್ಪ ತೀರಿಕೊಂಡು ಬಹಳ ದಿನಗಳಾಗಿದ್ದವು. ಸವಣೂರಿನ ಎಲೆತೋಟಗಳಲ್ಲಿ ವೀಳ್ಯದೆಲೆ ಕೊಯ್ದು, ಎಣಿಸಿ, ಕಟ್ಟು ಕಟ್ಟಿ ನನ್ನನ್ನು ಓದಿಸಿದ ಅವ್ವ, ಇದ್ದ ಬಾಡಿಗೆ ಮನೆ ಬಿಟ್ಟುಕೊಟ್ಟು ನನ್ನ ಜೊತೆಗೇ ಬಂದಳು. ಸುತ್ತಲಿನ ಐದು ಹಳ್ಳಿಗಳ ಹೆರಿಗೆ, ಚುಚ್ಚುಮದ್ದು ಎಲ್ಲ ನನ್ನ ಪಾಲಿಗೆ. ಬಸ್ಸು ಹೋಗುತ್ತಿದ್ದದ್ದು ಅವುಗಳಲ್ಲಿ ಒಂದೇ ಹಳ್ಳಿಗೆ. ಉಳಿದ ನಾಲ್ಕಕ್ಕೂ ನಡಿಗೆಯೇ ಗತಿ.

ಬಂದ ಮೊದಲ ಮಳೆಗಾಲದಲ್ಲೇ ಒಂದು ಹಳ್ಳಿಯಿಂದ ಕರೆ ಬಂತು. ಚೊಚ್ಚಲ ಹೆರಿಗೆ. ಎರೆಮಣ್ಣಿನ ಹಾದಿ, ಚಪ್ಪಲಿ ಕೈಯಲ್ಲಿ ಹಿಡಿದು ಒಂದೂವರೆ ತಾಸು ನಡೆದೆ. ನಾನು ಹೊಸ್ತಿಲು ದಾಟುವ ಹೊತ್ತಿಗೆ ಕೂಸು ಹುಟ್ಟಿಯಾಗಿತ್ತು, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಎಷ್ಟು ಪ್ರಯತ್ನಪಟ್ಟರೂ ಅದು ಉಸಿರಾಡಲಿಲ್ಲ. ಬೇಗ ಹೋಗಿದ್ದರೆ ಉಳಿಯುತ್ತಿತ್ತೆಂದು ಈಗಲೂ ಖಚಿತವಾಗಿ ಹೇಳಲಾರೆ. ಆದರೆ ಆ ಮನೆಯ ಅತ್ತೆ ನನ್ನ ಕಾಲಿಗೆ ನೀರು ಹಾಕುತ್ತ, "ನೀವರ ಏನ್ ಮಾಡ್ತೀರಿ, ನಡಕೋತ ಬಂದೀರಿ. ಹಾರಿ ಬರಾಕ ಆಕ್ಕೈತೇನ್ರಿ?" ಎಂದಳು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಮರುವಾರವೇ ಸೈಕಲ್ಲಿಗಾಗಿ ಸರ್ಕಾರದ ಮುಂಗಡ ಕೇಳಿ ಅರ್ಜಿ ಹಾಕಿದೆ. ಹುಬ್ಬಳ್ಳಿಯಲ್ಲಿ ಟ್ರೇನಿಂಗಿನ ದಿನಗಳಲ್ಲಿ ಗೆಳತಿಯೊಬ್ಬಳ ಸೈಕಲ್ ಮೇಲೆ ಕಲಿತಿದ್ದೆ. ಅವ್ವನಿಗೆ ಮಾತ್ರ ಇದು ಸುತರಾಂ ಸೇರಲಿಲ್ಲ.

"ಸೀರಿ ಉಟ್ಕೊಂಡು ಸೈಕಲ್ ಹೊಡದ್ರ ನಾಳೆ ನಿನ್ನ ನೋಡಾಕ ಯಾವ ಮನಿಯವರು ಬರ್ತಾರ?"

"ಬರದಿದ್ರ ಬ್ಯಾಡ ಬಿಡವ್ವ."

ಅದಾದ ಮೇಲೆ ಅವಳು ಸೈಕಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಹಾನಗಲ್ಲಿನ ಒಂದು ಅಂಗಡಿಯಿಂದ ಲೇಡೀಸ್ ಸೈಕಲ್ಲಿನ ಬೆಲೆ ಬರೆಸಿಕೊಂಡು ಬಂದು ಕಾಗದಗಳೊಂದಿಗೆ ಕೊಟ್ಟೆ. ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಲು ಒಂದು ವರ್ಷವೇ ಹಿಡಿಯಿತು. ಕಡೆಗೊಂದು ದಿನ ಹಿರೇಕೆರೂರಿನ ಕಚೇರಿಯಲ್ಲಿ ನನ್ನ ಕೈಗೆ ಚೆಕ್ ಬಂತು. ಅಂಗಡಿಯ ಹೆಸರಿಗೇ ಬರೆದದ್ದು, ಅವರು ಹೇಳಿದ್ದ ಬೆಲೆಗೆ ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಾನಗಲ್ಲಿಗೆ ಹೊರಟ ದಿನ ಅವ್ವ ತಾನೂ ಸೀರೆ ಬದಲಿಸಿ ನಿಂತಿದ್ದಳು. "ತಾರಕೇಶ್ವರನ ದರ್ಶನ ಆಗಿಲ್ಲ, ನಾನೂ ಬರ್ತೇನಿ" ಎಂದಳು. ನನಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ.

ಅಂಗಡಿಯಾತ ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ನಮ್ಮನ್ನು ಕೂಡಿಸಿ ಚಹಾ ತರಿಸಿದ. ಹಸಿರು ಬಣ್ಣದ ಸೈಕಲ್ ಒರೆಸಿಟ್ಟಿದ್ದ. ಚೆಕ್ಕನ್ನು ಎರಡೆರಡು ಸಲ ತಿರುಗಿಸಿ ನೋಡಿ ಹೇಳಿದ:

"ಅಕ್ಕಾರ, ಇದು ಹಿರೇಕೆರೂರ ಬ್ಯಾಂಕಿನ ಚೆಕ್ಕು. ಚೆಕ್ಕಾದ್ರ ಮ್ಯಾಲ ಹದಿನೈದು ರೂಪಾಯಿ ಕೊಡಬೇಕಾಕ್ಕೈತ್ರಿ."

"ರೇಟು ಬರ್ಕೊಡುವಾಗ ಯಾಕ ಹೇಳ್ಲಿಲ್ರಿ?"

"ಅದು ರೊಕ್ಕದ ರೇಟ್ರಿ. ನೀವು ಚೆಕ್ ತರ್ತೀರಂತ ನನಗೇನ್ ಗೊತ್ತು?"

ನನಗೆ ಸಿಟ್ಟು ಬಂತು. ಚೆಕ್ ಅವನದೇ ಹೆಸರಿಗಿದೆ, ಬೇರೆ ಅಂಗಡಿಗೆ ಹೋಗುವಂತಿಲ್ಲ. ನನ್ನ ಹತ್ತಿರ ಇದ್ದದ್ದು ಬಸ್ಸಿನ ಚಾರ್ಜು, ಮೇಲೊಂದಿಷ್ಟು ಚಿಲ್ಲರೆ. ಇನ್ನೊಂದು ವಾರ ಕಳೆದರೆ ಪಗಾರ. ಎದ್ದು ಹೊರಡೋಣವೆಂದು ಅವ್ವನ ಕಡೆ ನೋಡಿದೆ. ಸೈಕಲ್ ಬೇಡವೆನ್ನಲು ಇದಕ್ಕಿಂತ ಒಳ್ಳೆಯ ನೆಪ ಅವಳಿಗೆ ಸಿಗುತ್ತಿರಲಿಲ್ಲ. ಆದರೆ ಅವ್ವ ಚಹಾದ ಬಸಿ ಕೆಳಗಿಟ್ಟು ಮುಂದೆ ಸರಿದು ಕುಳಿತಳು.

"ಸಾವ್ಕಾರ್ರ, ನಾ ಇಪ್ಪತ್ತು ವರ್ಷ ಎಲಿ ಎಣಿಸೀನಿ. ನೂರು ಎಲಿಗೆ ನಾಕು ಎಲಿ ಕೊಸರು ಹಾಕ್ತಿದ್ವಿ. ಕೊಸರು ಮಾರಾವ್ರು ಕೊಡ್ತಾರ. ಕೊಳ್ಳಾವ್ರ ಹತ್ರ ಕೊಸರು ಕೇಳಿದ್ದು ನಿಮ್ಮಲ್ಲೇ ನೋಡಿದೆ."

ಆತ ನಕ್ಕ. ಆಮೇಲೆ ಮುಚ್ಚುಮರೆಯಿಲ್ಲದೆ ವಿವರಿಸಿದ. ಪರಊರಿನ ಚೆಕ್ಕನ್ನು ಬ್ಯಾಂಕಿನವರು ಟಪಾಲಿನಲ್ಲಿ ಕಳಿಸುತ್ತಾರೆ, ಕಮಿಷನ್ ಮುರಿದುಕೊಳ್ಳುತ್ತಾರೆ. ಹಣ ಕೈಗೆ ಬರಲು ಹದಿನೈದು ದಿನವಾದರೂ ಬೇಕು. ಅಷ್ಟು ದಿನ ಅವನ ಬಂಡವಾಳ ನಿಂತುಬಿಡುತ್ತದೆ. ಹಿಂದೆ ಶಿಗ್ಗಾಂವದ ಗಿರಾಕಿಯೊಬ್ಬನ ಚೆಕ್ ವಾಪಸ್ ಬಂದು, ಸೈಕಲ್ಲೂ ಇಲ್ಲ, ರೊಕ್ಕವೂ ಇಲ್ಲ ಎಂಬಂತಾಗಿತ್ತಂತೆ.

"ಬ್ಯಾಂಕಿನವ್ರು ಎಷ್ಟು ಮುರೀತಾರ?" ಅವ್ವ ಕೇಳಿದಳು.

"ಐದು ರೂಪಾಯಿ ಹಿಡೀರಿ."

"ಹಂಗಾರ ಐದು ತಗೋರಿ. ಸೈಕಲ್ ನಿಮ್ಮಲ್ಲೇ ಇರ್ಲಿ. ರೊಕ್ಕ ಬಂದ ಮ್ಯಾಲ ಒಯ್ತೇವಿ. ಕಾಯೋದು ನಮ್ಮ ಪಾಲಿಗೆ ಬಂತು. ಉಳದ ಹತ್ತು ಯಾವುದರ ಸಲುವಾಗಿ?"

ಆತ ಚೆಕ್ಕನ್ನು ಮೇಜಿನ ಮೇಲಿಟ್ಟ. "ಖರೇ ಐತಿ ಬಿಡವಾ" ಎಂದ. "ಐದೇ ಕೊಡ್ರಿ."

ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆ ಕ್ಷಣ ಅವಳನ್ನು ನೋಡುತ್ತ ನನಗೆ ಹೆಮ್ಮೆಯಾಯಿತು. ಅಷ್ಟರಲ್ಲೇ ಹದಿನೈದು ದಿನದ ಲೆಕ್ಕ ತಲೆಗೆ ಹೊಳೆದು ಮುಖ ಸಪ್ಪಗಾಯಿತೇನೋ, ಅವ್ವ ಕೇಳಿದಳು:

"ಯಾಕ, ತಡಿಯಾಕ ಆಗೂದಿಲ್ಲೇನ?"

"ಒಬ್ಬಾಕಿಗೆ ದಿನ ತುಂಬ್ಯಾವ ಅವ್ವ. ಈ ವಾರದಾಗ ಆಗಬಹುದು."

"ಯಾರಿಗೆ?"

"ಅದೇ, ಹ್ವಾದ ವರ್ಷ ಕೂಸು ಹೋತಲ್ಲ, ಆಕಿಗೆ."

ಅವ್ವ ಸೊಂಟದ ಸಂಚಿ ಬಿಚ್ಚಿದಳು. ಅಡಿಕೆ ಹೋಳುಗಳ ಕೆಳಗಿನ ಪದರಿನಿಂದ ನಾಲ್ಕಾಗಿ ಮಡಚಿದ ಒಂದು ಹತ್ತರ ನೋಟು, ಒಂದು ಐದರ ನೋಟು ತೆಗೆದು ಮೇಜಿನ ಮೇಲಿಟ್ಟಳು. "ಸಾವ್ಕಾರ್ರ, ನೀವು ಕೇಳಿದ್ದ ತಗೋರಿ. ಸೈಕಲ್ ಈಗ ಕೊಡ್ರಿ" ಎಂದಳು. ಗೆದ್ದ ವ್ಯಾಪಾರವನ್ನು ಹೀಗೆ ತಾನಾಗಿ ಬಿಟ್ಟುಕೊಟ್ಟದ್ದನ್ನು ನಾನು ಅವಳಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ.

ತಾರಕೇಶ್ವರನ ಗುಡಿಯ ನೆನಪು ಇಬ್ಬರಿಗೂ ಬರಲಿಲ್ಲ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಊರಿಗೆ ತಂದೆವು. ದಾರಿಯುದ್ದಕ್ಕೂ ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವ್ವ ತಲೆಯೆತ್ತಿ ಛಾವಣಿ ನೋಡುತ್ತಿದ್ದಳು.

ಐದನೇ ದಿನ ಮಧ್ಯಾಹ್ನ ಆ ಮನೆಯವರು ಓಡಿ ಬಂದರು. ನಾನು ಚೀಲವನ್ನು ಕ್ಯಾರಿಯರಿಗೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಅದೃಷ್ಟಕ್ಕೆ ಹಾದಿ ಒಣಗಿತ್ತು. ನಾನು ಹೋಗಿ ಕೈ ತೊಳೆದುಕೊಂಡು ಅರ್ಧ ತಾಸು ಆ ಹುಡುಗಿಯ ಬೆನ್ನು ನೀವುತ್ತ ಕೂತ ಮೇಲೆ ಕೂಸು ಬಂತು. ಹೆಣ್ಣು. ತೂಕ ಕಡಿಮೆ, ದನಿ ಮಾತ್ರ ಕೇರಿಗೆಲ್ಲ ಕೇಳುವಂಥದ್ದು. ಅತ್ತೆ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಮನೆಗೆ ಬಂದು ಹೇಳಿದಾಗ ಅವ್ವ, "ತಾಯಿ ಉಂಡಾಳೇನ?" ಎಂದಷ್ಟೇ ಕೇಳಿದಳು. ಮರುದಿನ ಬಾಣಂತಿಗೆಂದು ಒಣಕೊಬ್ಬರಿ, ಬೆಲ್ಲ ಕಟ್ಟಿ ಕೊಟ್ಟಳು.

ಎರಡು ತಿಂಗಳ ಮೇಲೆ ಹಾನಗಲ್ಲಿಗೆ ಹೋದಾಗ ಅಂಗಡಿಯಾತನನ್ನು ಮಾತಾಡಿಸಿದೆ. ಚೆಕ್ಕಿನ ಹಣ ಬರಲು ಮೂವತ್ತೆರಡು ದಿನ ಹಿಡಿಯಿತಂತೆ. "ನಿಮ್ಮವ್ವಾರು ಮತ್ತ ಬರ್ತಾರೇನ್ರಿ?" ಎಂದು ಅರ್ಧ ತಮಾಷೆಯಾಗಿ, ಅರ್ಧ ಹೆದರಿಕೆಯಿಂದ ಕೇಳಿದ. ಅವನ ಮೇಲಿನ ನನ್ನ ಸಿಟ್ಟು ಅಷ್ಟೊತ್ತಿಗೆ ಉಳಿದಿರಲಿಲ್ಲ.

ಆ ಸುಗ್ಗಿಯಲ್ಲಿ ಅವ್ವನಿಗೆ ಜ್ವರ ಬಂತು. ಬಸ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. "ಹಿಂದ ಕುಂಡ್ರವ್ವ, ಹಿರೇಕೆರೂರ ದವಾಖಾನಿಗೆ ಹೋಗೂಣು" ಎಂದೆ. ಅವಳು ಒಂದಿಷ್ಟು ಗೊಣಗಿ, ಒಂದೇ ಬದಿಗೆ ಕಾಲು ಹಾಕಿ ಕೂತಳು. ಊರು ದಾಟುವವರೆಗೆ ಸೆರಗು ಮುಖದ ಮೇಲೆ ಎಳೆದುಕೊಂಡಿದ್ದಳು. ಜೋಳದ ಹೊಲಗಳು ಶುರುವಾದ ಮೇಲೆ ಅವಳ ಬಿಸಿ ಅಂಗೈ ನನ್ನ ಬೆನ್ನ ಮೇಲೆ ಬಂತು. "ಸಾವಕಾಶ ಹೊಡಿ" ಎಂದಳು, "ಗಾಳಿ ಚಲೋ ಐತಿ."